ಅತಿಥಿ ಬೆಳೆಯಲ್ಲ

ಡಿಸೆಂಬರಿನ ಕೊನೆಯ ವಾರವೆಂದರೆ ನಮ್ಮ ಕೊಪ್ಪ ಸೀಮೆಯಲ್ಲಿ ಅಡಿಕೆ ಸುಗ್ಗಿ. ಹಗಲೆಲ್ಲ ಕೊನೆಗಾರ ಇಳಿಸಿದ ಗೊನೆಗಳು ಅಂಗಳದಲ್ಲಿ ರಾಶಿ ಬೀಳುತ್ತವೆ. ಕತ್ತಲಾದ ಮೇಲೆ ಸುಲಿಯುವ ಕೆಲಸ. ಹಿಂದೆ ಮೆಟ್ಟುಗತ್ತಿ ಹಾಕಿಕೊಂಡು ಹತ್ತು ಹದಿನೈದು ಜನ ಸಾಲಾಗಿ ಕೂರುತ್ತಿದ್ದರು. ಆಳು ಸಿಗದ ಈ ಕಾಲದಲ್ಲಿ ಯಂತ್ರ ಬಂದಿದೆ, ಅದರ ಗಡಗಡ ರಾತ್ರಿ ಹನ್ನೊಂದಾದರೂ ಕೇಳುತ್ತಿರುತ್ತದೆ. ಸುಲಿದದ್ದು ಚೊಗರಿನ ಹಂಡೆಯಲ್ಲಿ ಬೇಯಬೇಕು, ಬೆಂದದ್ದು ಚಪ್ಪರದ ಮೇಲೆ ಒಣಗಬೇಕು. ಕೊಯ್ದ ಹಸಿ ಅಡಿಕೆ ರಾಶಿಯಲ್ಲೇ ದಿನಗಟ್ಟಲೆ ಕೂತರೆ ಬಿಸಿಯೇರಿ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟರೆ ಮಂಡಿಯಲ್ಲಿ ದರ ಬೀಳುತ್ತದೆ.

ಎರಡು ವರ್ಷದ ಹಿಂದೆ ಅಂಥದೇ ಒಂದು ಸಂಜೆ ಪರಿಚಯದವರ ಮನೆಗೆ ಹೋಗಿದ್ದೆ. ನಾಲ್ಕೆಕರೆ ತೋಟ, ಹಳೆಯ ತೊಟ್ಟಿಮನೆ, ಅದಕ್ಕೆ ತಾಗಿಕೊಂಡಂತೆ ಹೊಸದಾಗಿ ಎಬ್ಬಿಸಿದ ಹೋಮ್‌ಸ್ಟೇ ಕೋಣೆಗಳು. ಅಂಗಳದಲ್ಲಿ ಗೊನೆಯ ರಾಶಿ ಟಾರ್ಪಾಲ್ ಹೊದ್ದು ಬಿದ್ದಿತ್ತು. ಗಂಟೆ ಎಂಟು, ಯಂತ್ರ ಸುಮ್ಮನಿತ್ತು. ಕರೆಂಟ್ ಹೋಗಿದೆಯೇನೋ ಅಂದುಕೊಂಡೆ. ಮನೆಯಾಕೆ ದನಿ ತಗ್ಗಿಸಿ ಹೇಳಿದರು: “ಗೆಸ್ಟ್ ಇದ್ದಾರೆ ಮಾರಾಯ್ರೆ. ಶಬ್ದ ಜಾಸ್ತಿ ಆಯ್ತು ಅಂದ್ರು. ನಿನ್ನೆಯಿಂದ ಸುಲಿದೇ ಇಲ್ಲ.”

ತೋಟ ನೋಡಲೆಂದು ಬಂದವರಿಗಾಗಿ ತೋಟದ ಕೆಲಸ ನಿಂತಿತ್ತು. ಬಂದವರು ಕೆಟ್ಟವರಾಗಿರಲಿಲ್ಲ. ವರ್ಷವಿಡೀ ನಗರದ ಗದ್ದಲದಲ್ಲಿ ದುಡಿದು, ಎರಡು ದಿನದ ಮೌನಕ್ಕೆ ಹಣ ಕೊಟ್ಟು ಬಂದವರು. ಆ ಮೌನವನ್ನು ಒದಗಿಸುವುದು ಮನೆಯವರ ಕರ್ತವ್ಯವಾಗಿಬಿಟ್ಟಿತ್ತು. ಮನೆ ಯಾರ ಲೆಕ್ಕದಲ್ಲಿ ನಡೆಯುತ್ತಿದೆ ಎಂಬುದು ಆ ಟಾರ್ಪಾಲಿನ ಮುಂದೆ ನಿಂತಾಗ ನನಗೆ ಅರ್ಥವಾಯಿತು.

ಇಂದು ಎಲ್ಲರೂ ಒಪ್ಪಿಕೊಂಡಿರುವ ಒಂದು ಮಾತಿದೆ. ರೆಸಾರ್ಟ್ ಕೆಟ್ಟದ್ದು, ಫಾರ್ಮ್‌ಸ್ಟೇ ಒಳ್ಳೆಯದು. ಮಣ್ಣಿನ ಗೋಡೆ, ಹೆಂಚಿನ ಮಾಡು, ಸೌದೆ ಒಲೆಯ ಅಡುಗೆ, ಹಂಡೆಯ ಬಿಸಿನೀರು, ಟಿವಿ ಇಲ್ಲದ ಕೋಣೆ ಇವೆಲ್ಲ ಇದ್ದರೆ ಅದು ಪರಿಸರಸ್ನೇಹಿ. ಅಲ್ಲಿ ಎರಡು ರಾತ್ರಿ ಕಳೆದು ಬಂದರೆ ಕಾಡಿಗೂ ಒಳ್ಳೆಯದು, ರೈತನಿಗೂ ಒಳ್ಳೆಯದು. ಪ್ರವಾಸೋದ್ಯಮದ ನೀತಿಪತ್ರಗಳು ಇದನ್ನೇ ಹೇಳುತ್ತವೆ, ವಾರಾಂತ್ಯದ ಪುರವಣಿಗಳು ಹೇಳುತ್ತವೆ, ನನ್ನ ಆಪ್ತ ಗೆಳೆಯರೂ ಹೇಳುತ್ತಾರೆ. ಮಲೆನಾಡಿನವರೇ ಈಗ ಇದನ್ನು ನಂಬತೊಡಗಿದ್ದಾರೆ, ನನಗೆ ದಿಗಿಲಾಗುವುದು ಅದಕ್ಕೆ. ಈ ನಂಬಿಕೆ ತಪ್ಪು ಎಂದು ನಾನು ಹೇಳುತ್ತೇನೆ. ಗೋಡೆ ಯಾವುದರದ್ದು, ಮಾಡು ಯಾವುದರದ್ದು ಎಂದು ನೋಡಿ ಒಂದು ಮನೆ ಪ್ರಕೃತಿಗೆ ಹಿತವೋ ಅಹಿತವೋ ಎಂದು ತೀರ್ಮಾನಿಸಲು ಬರುವುದಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಅತಿಥಿ ತೋಟದ ಹೆಜ್ಜೆಗೆ ಹೊಂದಿಕೊಳ್ಳುತ್ತಿದ್ದಾನೆಯೋ, ತೋಟ ಅತಿಥಿಯ ಹೆಜ್ಜೆಗೆ ಹೊಂದಿಕೊಳ್ಳುತ್ತಿದೆಯೋ?

ಮೊದಲು ನೀರಿನ ಲೆಕ್ಕ ಹಾಕೋಣ, ಏಕೆಂದರೆ ಮಲೆನಾಡಿನ ಮನೆ ಕಟ್ಟುವಾಗ ಹಿರಿಯರೂ ಮೊದಲು ಹಾಕುತ್ತಿದ್ದದ್ದು ಅದೇ ಲೆಕ್ಕ. ನಮ್ಮಲ್ಲಿ ಬಹಳಷ್ಟು ಮನೆಗಳಿಗೆ ಇವತ್ತಿಗೂ ಅಬ್ಬಿ ನೀರೇ ಗತಿ. ಗುಡ್ಡದ ಮೇಲೆಲ್ಲೋ ಒಂದು ಒರತೆ, ಅಲ್ಲಿಂದ ಇಳಿಜಾರಿನಲ್ಲಿ ತಾನಾಗಿ ಹರಿದು ಬರುವ ನೀರು. ಹಿಂದೆ ಅಡಿಕೆ ದಬ್ಬೆಯಲ್ಲಿ ಬರುತ್ತಿತ್ತು, ಈಗ ಕರಿ ಪೈಪಿನಲ್ಲಿ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಮಳೆಗಾಲದಲ್ಲಿ ತೋಳಿನ ಗಾತ್ರ ಸುರಿಯುವ ಅಬ್ಬಿ ಏಪ್ರಿಲ್ ಮೇ ಹೊತ್ತಿಗೆ ಕಿರುಬೆರಳಿನ ಗಾತ್ರಕ್ಕೆ ಇಳಿಯುತ್ತದೆ. ನಿಮಿಷಕ್ಕೆ ಒಂದು ಲೀಟರ್ ಬಂದರೆ ದಿನವಿಡೀ 1,440 ಲೀಟರ್. ಗ್ರಾಮೀಣ ಕುಟುಂಬಕ್ಕೆ ತಲೆಗೆ ದಿನಕ್ಕೆ 55 ಲೀಟರ್ ಎಂದು ಜಲಜೀವನ್ ಮಿಷನ್ ಗೊತ್ತುಮಾಡಿದೆ. ಐದು ಜನರ ಮನೆಗೆ 275 ಲೀಟರ್. ಉಳಿದದ್ದು ಕೊಟ್ಟಿಗೆಯ ದನಕ್ಕೆ, ಅಡಿಕೆ ಸಸಿಗೆ, ಹಿತ್ತಲಿನ ಬಸಳೆ ತೊಂಡೆಗೆ. ಹೀಗೆ ಬೇಸಿಗೆ ದಾಟುತ್ತದೆ, ತಲೆಮಾರುಗಳಿಂದ ದಾಟಿದೆ.

ಈಗ ಅದೇ ಅಬ್ಬಿಗೆ ಹನ್ನೆರಡು ಅತಿಥಿಗಳನ್ನು ಸೇರಿಸಿ. ಹೋಟೆಲುಗಳಿಗೆ ಹಾಸಿಗೆಯೊಂದಕ್ಕೆ ದಿನಕ್ಕೆ 180 ಲೀಟರ್ ನೀರು ಬೇಕು ಎನ್ನುವುದು ಭಾರತೀಯ ಮಾನಕದ ಅಂದಾಜು. ಹನ್ನೆರಡು ಜನಕ್ಕೆ 2,160 ಲೀಟರ್. ಅಬ್ಬಿಯಲ್ಲಿ ಅಷ್ಟು ನೀರೇ ಇಲ್ಲ. ಹಳ್ಳಿಮನೆಗೆ ಬಂದವರು ಮಿತವಾಗಿ ಬಳಸುತ್ತಾರೆ ಎಂದು ಅದನ್ನು ಅರ್ಧಕ್ಕಿಳಿಸಿ ನೋಡಿ, 1,080. ಮನೆಯವರ ಪಾಲು ಸೇರಿದರೆ 1,355. ದನಕ್ಕೂ ಸಸಿಗೂ ಉಳಿದದ್ದು ನಾಲ್ಕೈದು ಕೊಡ. ಶಾಲೆಗೆ ರಜೆ ಬಂದು ನಗರದ ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಹೊರಡುವುದೂ ಏಪ್ರಿಲ್ ಮೇ ತಿಂಗಳಲ್ಲೇ. ಅಬ್ಬಿ ಅತ್ಯಂತ ಬಡವಾದ ದಿನಗಳಲ್ಲಿ ಮನೆ ಅತ್ಯಂತ ತುಂಬಿರುತ್ತದೆ. ಆಗ ಮನೆಯ ಯಜಮಾನ ಮಾಡುವುದು ಏನು? ಬೋರ್‌ವೆಲ್ ಕೊರೆಸುತ್ತಾನೆ. ಗುಡ್ಡದ ಒಡಲಿಗೆ ನೂರಾರು ಅಡಿ ಕೊಳವೆ ಇಳಿದ ಮೇಲೆ ಕೆಳಗಿನ ಮನೆಯ ಬಾವಿಗೆ ಏನಾಗುತ್ತದೆ ಎಂಬುದನ್ನು ಕೆಳಗಿನ ಮನೆಯವರೇ ಹೇಳಬೇಕು. ಅವರ ಮನೆಯಲ್ಲಿ ಅತಿಥಿಗಳಿಲ್ಲ, ಆದ್ದರಿಂದ ಅವರ ಮಾತು ಯಾವ ಪುರವಣಿಯಲ್ಲೂ ಬರುವುದಿಲ್ಲ.

ಹೋದ ನೀರಿನ ಕತೆಯೂ ಇದೆ. ಒಂದು ಮನೆಯ ಬಚ್ಚಲ ನೀರು ಬಾಳೆ ಬುಡಕ್ಕೆ ಹೋದರೆ ಬಾಳೆ ಕುಡಿಯುತ್ತದೆ. ಆರು ಕೋಣೆಯ ಶಾಂಪೂ, ಸೋಪು, ಶೌಚಾಲಯ ತೊಳೆಯುವ ಆಸಿಡ್ಡು ಸೇರಿದ ನೀರನ್ನು ಅದೇ ಬಾಳೆ ಕುಡಿಯಲಾರದು. ಅದು ಬಸಿಗಾಲುವೆ ಹಿಡಿದು ಹಳ್ಳ ಸೇರುತ್ತದೆ. ಮಳೆಗಾಲದಲ್ಲಿ ನಮ್ಮ ನೆಲ ಹೀರಿದ ಸ್ಪಂಜಿನಂತಿರುತ್ತದೆ, ಕೈಯಳತೆಯಲ್ಲಿ ನೀರು ನಿಂತಿರುತ್ತದೆ. ಆಗ ಇಂಗುಗುಂಡಿಯಲ್ಲಿ ಏನೂ ಇಂಗುವುದಿಲ್ಲ, ತುಂಬಿದ್ದು ಮೇಲಕ್ಕೆ ಬರುತ್ತದೆ. ಮನೆಯವರ ಬಳಕೆಗೆಂದು ತೋಡಿದ ಗುಂಡಿಗೇ ನಾಲ್ಕು ಹೊಸ ಶೌಚಾಲಯದ ಪೈಪು ಜೋಡಿಸಿದ್ದನ್ನು ನಾನು ನೋಡಿದ್ದೇನೆ. ಕೋಣೆಯ ಗೋಡೆಗೆ ಮಾತ್ರ ಸಗಣಿ, ಕೆಮ್ಮಣ್ಣು ಬಳಿದಿತ್ತು.

ಗೋಡೆಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮಣ್ಣಿನ ಕಟ್ಟಡವನ್ನು ನಾನು ಹಗುರವಾಗಿ ಕಾಣುವವನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ‘ಅಸ್ತ್ರ’ ಕೇಂದ್ರ ಕಟ್ಟಿದಾಗ ಅಲ್ಲಿನ ವಿಜ್ಞಾನಿಗಳು ಹಳ್ಳಿಯ ಒಲೆಯನ್ನೂ ಮಣ್ಣಿನ ಇಟ್ಟಿಗೆಯನ್ನೂ ಪ್ರಯೋಗಶಾಲೆಯ ಗಂಭೀರ ವಿಷಯವಾಗಿ ಎತ್ತಿಕೊಂಡರು. ಬಡವನಿಗೆ ಕಡಿಮೆ ಖರ್ಚಿನಲ್ಲಿ ಗಟ್ಟಿ ಮನೆ ಸಿಗಲಿ ಎಂಬುದು ಅದರ ಹಿಂದಿದ್ದ ಕಾಳಜಿ. ಅದು ದೊಡ್ಡ ಕೆಲಸ. ಆದರೆ ಕಾಂಕ್ರೀಟ್ ಚೌಕಟ್ಟು ನಿಲ್ಲಿಸಿ, ಸಿಮೆಂಟ್ ಇಟ್ಟಿಗೆ ತುಂಬಿ, ಮೇಲೆ ಒಂದು ಪದರ ಕೆಮ್ಮಣ್ಣು ಮೆತ್ತುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಮಾಡಿನ ಕತೆಯೂ ಅಷ್ಟೆ. ಅಡಿಕೆ ಸೋಗೆಯ ಮಾಡನ್ನು ಪ್ರತಿ ವರ್ಷ ಮಳೆ ಹಿಡಿಯುವ ಮುನ್ನ ಹೊಸದಾಗಿ ಹೊದಿಸಬೇಕು. ಬೆಂಕಿಯ ಭಯ ಬೇರೆ. ಅದಕ್ಕೇ ನಮ್ಮ ಅಜ್ಜಂದಿರು ಕೈಯಲ್ಲಿ ನಾಲ್ಕು ಕಾಸು ಆಡಿದ ಕೂಡಲೇ ಮಂಗಳೂರು ಹೆಂಚಿಗೆ ಹೋದರು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದದ್ದು 1865ರಲ್ಲಿ. ಆಮೇಲಿನ ನೂರು ವರ್ಷದಲ್ಲಿ ಆ ಹೆಂಚು ಗಾಡಿಯೇರಿ ಘಟ್ಟ ಹತ್ತಿ ಮಲೆನಾಡಿನ ಮನೆಯನ್ನು ಒಣಗಿಸಿತು. ಬಿಡುಗಡೆ ಪಡೆದ ಆ ಸೋಗೆ ಈಗ ತಗಡಿನ ಶೀಟಿನ ಮೇಲೆ ಅಲಂಕಾರವಾಗಿ ಮರಳಿ ಬಂದಿದೆ. ತೋಟದ ಬುಡಕ್ಕೆ ಬಿದ್ದು ಗೊಬ್ಬರವಾಗಬೇಕಾದದ್ದು ಫೋಟೋಗಾಗಿ ಮಾಡಿನ ಮೇಲೆ ಕೊಳೆಯುತ್ತದೆ.

ಇನ್ನೊಂದು ವಿಷಯ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ಕಾಫಿ ತೋಟದ ಲೈನ್ ಮನೆಗಳಲ್ಲಿ ಬದುಕುವ ಕೂಲಿ ಕುಟುಂಬಗಳಿಗೂ ಮಂದ ಬೆಳಕು, ಸೌದೆ ಒಲೆ, ಹೊರಗಿನ ಬಚ್ಚಲು ಇವೆ. ಅದನ್ನು ನಾವು ಸೌಕರ್ಯದ ಕೊರತೆ ಎನ್ನುತ್ತೇವೆ, ಸರಿಪಡಿಸಬೇಕು ಎನ್ನುತ್ತೇವೆ. ನೂರು ಮಾರು ಆಚೆ ಅದೇ ಮಂದ ಬೆಳಕು, ಅದೇ ಸೌದೆ ಒಲೆ ರಾತ್ರಿಗೆ ಸಾವಿರಗಟ್ಟಲೆ ರೂಪಾಯಿಗೆ ಮಾರಾಟವಾಗುತ್ತದೆ. ಅಸ್ಸಾಮಿನಿಂದ ಬಂದು ಕೊಡಗಿನ ತೋಟದಲ್ಲಿ ಕಾಫಿ ಕೊಯ್ಯುವ ಹೆಣ್ಣುಮಗಳಿಗೆ ಬೆಳಿಗ್ಗೆ ಹೊಗೆ ತುಂಬಿದ ಕೋಣೆಯಲ್ಲಿ ಕಣ್ಣುರಿಯುತ್ತಿದ್ದರೆ, ಅದೇ ಹೊಗೆಯನ್ನು ಹಳ್ಳಿಯ ಸೊಗಡು ಎಂದು ಬಣ್ಣಿಸಲು ನಮಗೆ ಬಾಯಿ ಬರಬಾರದು.

ಈಗ ಗುಡ್ಡದ ಮಾತು. ಮಲೆನಾಡಿನ ಹಳೆಯ ಮನೆಗಳು ಎಲ್ಲಿವೆ ನೋಡಿ. ಗುಡ್ಡದ ನೆತ್ತಿಯ ಮೇಲೆ ಒಂದೂ ಸಿಗುವುದಿಲ್ಲ. ಮನೆಯ ಹಿಂದೆ ಕಾಡು, ಮುಂದೆ ಅಂಗಳ, ಅದರಾಚೆ ಕಣಿವೆಯಲ್ಲಿ ತೋಟ, ಗದ್ದೆ. ನೆತ್ತಿಯಲ್ಲಿ ಗಾಳಿ ಮಾಡು ಹಾರಿಸುತ್ತದೆ, ನೀರು ಏರುವುದಿಲ್ಲ, ಸಿಡಿಲಿಗೆ ಮೊದಲು ಸಿಗುವುದೂ ಅದೇ. ಅದಕ್ಕಿಂತ ಮುಖ್ಯವಾಗಿ, ನೆತ್ತಿಯ ಕಾಡು ಕಡಿದರೆ ಕೆಳಗಿನ ಅಬ್ಬಿ ಸಾಯುತ್ತದೆ ಎಂಬುದನ್ನು ಅವರು ಬಲ್ಲವರಾಗಿದ್ದರು. ಈಗ ಬೇಕಾಗಿರುವುದು ಕಿಟಕಿ ತೆರೆದರೆ ಮಂಜು ಕಾಣುವ ಕೋಣೆ. ಮಂಜು ಕಾಣಬೇಕಾದರೆ ಮನೆ ಎತ್ತರದಲ್ಲಿರಬೇಕು. ಎತ್ತರಕ್ಕೆ ಕಾರು ಹತ್ತಬೇಕಾದರೆ ಜೆಸಿಬಿ ಇಳಿಜಾರನ್ನು ಕೊರೆಯಬೇಕು, ಕಾರು ನಿಲ್ಲಲು ಸಮತಟ್ಟು ಮಾಡಬೇಕು, ಅಗೆದ ಮಣ್ಣನ್ನು ಕೆಳಗಿನ ಕಣಿವೆಗೆ ತಳ್ಳಬೇಕು. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಿನ ಗುಡ್ಡಗಳು ಕುಸಿದಾಗ ಮಳೆ ವಿಪರೀತವಾಗಿತ್ತು ನಿಜ. ಆದರೆ ಮನೆಗೂ ರಸ್ತೆಗೂ ಇಳಿಜಾರನ್ನು ಕಡಿದದ್ದು ಕುಸಿತಕ್ಕೆ ದಾರಿಮಾಡಿತು ಎಂದು ಅಲ್ಲಿಗೆ ಹೋಗಿ ನೋಡಿದ ಭೂವಿಜ್ಞಾನಿಗಳು ಹೇಳಿದರು. 2024ರ ಜುಲೈ 30ರ ನಸುಕಿನಲ್ಲಿ ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಮಣ್ಣಿನಡಿ ಹೋದವು. ಅದರ ಮರುದಿನವೇ ಕೇಂದ್ರ ಸರ್ಕಾರ ಪಶ್ಚಿಮಘಟ್ಟದ ಪರಿಸರಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ಮತ್ತೊಮ್ಮೆ ಹೊರಡಿಸಿತು. 56,800 ಚದರ ಕಿಲೋಮೀಟರ್‌ನಲ್ಲಿ 20,668 ನಮ್ಮ ರಾಜ್ಯದ್ದು. ಗಾಡ್ಗೀಳ್ ಸಮಿತಿ ವರದಿ ಕೊಟ್ಟದ್ದು 2011ರಲ್ಲಿ, ಕಸ್ತೂರಿರಂಗನ್ ಸಮಿತಿ 2013ರಲ್ಲಿ. ಎರಡನ್ನೂ ನಾವು ಬೇಡವೆಂದೆವು. ವರದಿ ಬಂದರೆ ರೈತ ಸೌದೆ ತರುವಂತಿಲ್ಲ, ಸೊಪ್ಪು ತರುವಂತಿಲ್ಲ ಎಂಬ ಭಯ ಹಬ್ಬಿತು, ಹಬ್ಬಿಸಲಾಯಿತು. ಆ ಗದ್ದಲದಲ್ಲಿ ಗುಡ್ಡ ಕೊರೆದು ಕೋಣೆ ಕಟ್ಟುವವರನ್ನು ಯಾರೂ ಕೇಳಲಿಲ್ಲ.

ಕೋಣೆಯ ಬಾಗಿಲಿಗೆ ಬರುವ ಮುನ್ನ ಅತಿಥಿ ದಾರಿಯಲ್ಲಿ ಏನು ಸುಟ್ಟು ಬಂದ ಎಂಬುದನ್ನೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಹೋಗಿ, ಅಲ್ಲಿ ಒಂದಿಷ್ಟು ಸುತ್ತಿ, ಹಿಂದಿರುಗುವುದೆಂದರೆ 500 ಕಿಲೋಮೀಟರಿಗೆ ಕಡಿಮೆಯಿಲ್ಲ. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಾದರೆ 33 ಲೀಟರ್ ಪೆಟ್ರೋಲ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಒಟ್ಟು 75 ಕಿಲೋ ದಾಟುತ್ತದೆ. ಮನೆಯ 14.2 ಕಿಲೋ ಗ್ಯಾಸ್ ಸಿಲಿಂಡರ್ ಪೂರ್ತಿ ಉರಿದರೆ ಬರುವುದು 42 ಕಿಲೋ ಆಸುಪಾಸು. ಹಳ್ಳಿಯ ಒಂದು ಸಂಸಾರ ಎರಡು ತಿಂಗಳು ಅಡುಗೆ ಮಾಡಿದಷ್ಟನ್ನು ಒಂದು ಕಾರು ಶನಿವಾರ ಭಾನುವಾರದಲ್ಲಿ ಮುಗಿಸುತ್ತದೆ. ಆಮೇಲೆ ಕೋಣೆಯಲ್ಲಿ ಬಿದಿರಿನ ಹಲ್ಲುಜ್ಜುವ ಬ್ರಷ್ ಇಟ್ಟರೆ ಈ ಲೆಕ್ಕ ಹೊಂದುವುದಿಲ್ಲ. ತಾಳಗುಪ್ಪದವರೆಗೆ ರೈಲಿದೆ, ಸಕಲೇಶಪುರದಲ್ಲಿ ರೈಲು ನಿಲ್ಲುತ್ತದೆ, ಕೆಂಪು ಬಸ್ಸು ಕೊಪ್ಪ ಶೃಂಗೇರಿಗೆ ರಾತ್ರಿಯಿಡೀ ಓಡುತ್ತದೆ. ಬಸ್‌ನಿಲ್ದಾಣದಿಂದ ಅತಿಥಿಯನ್ನು ಕರೆತರುತ್ತೇವೆ, ಕಾರು ಬೇಡ ಎಂದು ಹೇಳುವ ಫಾರ್ಮ್‌ಸ್ಟೇ ಎಷ್ಟಿವೆ? ಪರಿಸರಸ್ನೇಹಿ ಎಂಬ ಹೆಸರಿಗೆ ಮೊದಲ ಅರ್ಹತೆ ಅದಾಗಬೇಕಿತ್ತು.

‘ಗ್ರೀನ್‌ವಾಶಿಂಗ್’ ಎಂಬ ಪದವನ್ನು ಈಗ ಕಾರ್ಖಾನೆಗಳ ಬಗ್ಗೆ ಬಳಸುತ್ತೇವೆ. ಅದು ಹುಟ್ಟಿದ್ದು ಮಾತ್ರ ಅತಿಥಿಗೃಹದಲ್ಲಿ. ಅಮೆರಿಕದ ಪರಿಸರವಾದಿ ಜೇ ವೆಸ್ಟರ್‌ವೆಲ್ಡ್ 1986ರ ಪ್ರಬಂಧವೊಂದರಲ್ಲಿ ಅದನ್ನು ಬಳಸಿದರು. ಫಿಜಿ ದ್ವೀಪದ ರೆಸಾರ್ಟೊಂದರಲ್ಲಿ, ಸಮುದ್ರವನ್ನೂ ಹವಳದ ದಿಬ್ಬವನ್ನೂ ಉಳಿಸಲು ಟವೆಲ್ಲನ್ನು ಮತ್ತೆ ಬಳಸಿ ಎಂಬ ಚೀಟಿಯನ್ನು ಅವರು ಕಂಡಿದ್ದರು. ಅದೇ ಹೊತ್ತಿಗೆ ಆ ರೆಸಾರ್ಟು ಅದೇ ತೀರದಲ್ಲಿ ಹೊಸ ಕೋಣೆಗಳನ್ನು ಕಟ್ಟಿಸುತ್ತಿತ್ತು. ಚೀಟಿಯನ್ನು ನಮ್ಮ ಕಡೆಯೂ ಈಗ ಕಾಣುತ್ತೇನೆ, ಹಾಳೆತಟ್ಟೆಯ ಪಕ್ಕದಲ್ಲಿ.

ಊಟದ ವಿಷಯಕ್ಕೆ ಬಂದರೆ ನನ್ನ ಗೆಳೆಯರು ಸೋಲೊಪ್ಪುವುದಿಲ್ಲ. “ಅದೆಲ್ಲ ಇರಲಿ, ಆ ಊಟ ಎಲ್ಲಿ ಸಿಗುತ್ತದೆ ಹೇಳು, ತೋಟದಿಂದ ನೇರ ತಟ್ಟೆಗೆ” ಎನ್ನುತ್ತಾರೆ. ಕೆಲವು ಮನೆಗಳಲ್ಲಿ ಅದು ಸತ್ಯ, ಅಂಥ ಮನೆಯ ತಂಬುಳಿ, ಅಪ್ಪೆಹುಳಿ, ಪತ್ರೊಡೆ, ಕಳಲೆಪಲ್ಯಕ್ಕೆ ನಾನೂ ಸೋತಿದ್ದೇನೆ. ಆದರೆ ತೋಟದಲ್ಲಿ ಬೆಳೆಯುವುದು ಅಡಿಕೆ, ಕಾಫಿ, ಮೆಣಸು. ಗದ್ದೆಗಳು ಒಂದೊಂದಾಗಿ ತೋಟವಾಗಿವೆ. ಮಲೆನಾಡಿನ ಮನೆಯೇ ಅಕ್ಕಿಯನ್ನು ಅಂಗಡಿಯಿಂದ ತರುವ ಕಾಲ ಇದು. ಪತ್ರೊಡೆ ಕೆಸುವಿನ ಎಲೆಯದು, ಮಳೆಗಾಲದ್ದು, ಕಳಲೆಯೂ ಮಳೆಗಾಲದ್ದು. ಮಾರ್ಚಿನಲ್ಲಿ ಬಂದವರಿಗೂ ಮಲೆನಾಡಿನ ಊಟ ಬೇಕು, ಶನಿವಾರ ರಾತ್ರಿ ಇಪ್ಪತ್ತು ಜನಕ್ಕೂ ಬೇಕು. ಆಗ ಪೇಟೆಯಿಂದ ಕೋಸು, ಬೀನ್ಸು, ಕೋಳಿ ಬರುತ್ತವೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅದನ್ನು ನಮ್ಮ ತೋಟದ ಸಾವಯವ ಎಂದು ಬಡಿಸುವುದು ಮಾತ್ರ ಸುಳ್ಳು.

ಮತ್ತು ಅದನ್ನು ಬೇಯಿಸುವವರು ಯಾರು? ಹೋಮ್‌ಸ್ಟೇ ಎಂಬ ಪದದಲ್ಲಿರುವ ‘ಹೋಮ್’ ಎಂದರೆ ಮನೆಯ ಹೆಂಗಸು. ಮುಂಜಾನೆ ಐದಕ್ಕೆ ಎದ್ದು ಅಕ್ಕಿ ರುಬ್ಬುವವಳು, ಕಡುಬಿನ ಹಬೆ ನೋಡುವವಳು, ಇಪ್ಪತ್ತು ಹಾಸಿಗೆಯ ಚಾದರ ಒಗೆದು ಹಾಕುವವಳು, ರಾತ್ರಿ ಹನ್ನೊಂದಕ್ಕೆ “ಇನ್ನೊಂದ್ ಸ್ವಲ್ಪ ನೀರ್‌ದೋಸೆ ಸಿಗುತ್ತಾ ಆಂಟಿ?” ಎಂದು ಕೇಳಿದಾಗ ಮತ್ತೆ ಒಲೆ ಹೊತ್ತಿಸುವವಳು. ಹೋಟೆಲಿನ ಅಡುಗೆಯವನಿಗೆ ಸಂಬಳವಿದೆ, ವಾರಕ್ಕೊಂದು ರಜೆಯಿದೆ. ಇವಳಿಗೆ ಹೊಗಳಿಕೆಯಿದೆ. ಮೊದಲೂ ಅವಳು ದುಡಿಯುತ್ತಿದ್ದಳು, ಆದರೆ ಅಪರೂಪಕ್ಕೆ ಬರುವ ನೆಂಟರು ಪಾತ್ರೆಗೆ ಕೈಹಾಕುತ್ತಿದ್ದರು, ತರಕಾರಿ ಹೆಚ್ಚುತ್ತಿದ್ದರು, ಮಗುವನ್ನು ಎತ್ತಿಕೊಳ್ಳುತ್ತಿದ್ದರು. ಹಣ ಕೊಟ್ಟು ಬಂದ ನೆಂಟ ಹಾಗೆ ಮಾಡಬೇಕಿಲ್ಲ. ಟಾರ್ಪಾಲ್ ಹೊದಿಸಿದ ಆ ಮನೆಯಾಕೆ ಸೋದರಮಾವನ ಮಗಳ ಮದುವೆಗೂ ಹೋಗಲಾಗಲಿಲ್ಲ ಎಂದು ಅವತ್ತೇ ಹೇಳಿದ್ದರು. ಆ ಶನಿವಾರ ಬುಕಿಂಗ್ ಇತ್ತು.

ಇಷ್ಟು ಹೇಳಿದಾಗ ಎದುರಿನವರು ತಮ್ಮ ಬಲವಾದ ವಾದ ತೆಗೆಯುತ್ತಾರೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಅಡಿಕೆಗೆ ಎಲೆಚುಕ್ಕೆ ರೋಗ ಬಂದಿದೆ. ಶೃಂಗೇರಿ ಕೊಪ್ಪ ಭಾಗದಲ್ಲಿ ಹಳದಿ ಎಲೆ ರೋಗ ದಶಕಗಳಿಂದ ತೋಟಗಳನ್ನು ತಿನ್ನುತ್ತಿದೆ. ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯಲು, ಜಾರುವ ಮರ ಹತ್ತಲು ಜನ ಸಿಗುವುದಿಲ್ಲ. ಮಕ್ಕಳು ಬೆಂಗಳೂರಿಗೆ ಹೋದರು, ಮನೆಯಲ್ಲಿ ವಯಸ್ಸಾದವರಿಬ್ಬರು. ಎರಡು ಕೋಣೆ ಬಾಡಿಗೆಗೆ ಕೊಟ್ಟು ಬಂದ ಹಣದಲ್ಲಿ ತೋಟದ ಖರ್ಚು ತೂಗಿಸಿದವರನ್ನು ನಾನು ಬಲ್ಲೆ; ಮಗನೊಬ್ಬ ಊರಿಗೆ ವಾಪಸಾದದ್ದನ್ನೂ ಕಂಡಿದ್ದೇನೆ. ಅಂಥವರ ಮೇಲೆ ನನ್ನ ಯಾವ ದೂರೂ ಇಲ್ಲ.

ಆದರೆ ತೋಟವನ್ನು ಉಳಿಸಲು ಬಂದ ಹಣ ಯಾವಾಗ ತೋಟವನ್ನು ಮರೆಸುತ್ತದೆ ಎಂಬುದನ್ನು ನೋಡಬೇಕು. ಒಂದು ಕೋಣೆಯ ಒಂದು ರಾತ್ರಿಯ ಬಾಡಿಗೆ ಕೊನೆಗಾರನ ಒಂದು ದಿನದ ಕೂಲಿಯನ್ನು ಮೀರಿದ ಮೇಲೆ ಯಜಮಾನನ ಮನಸ್ಸು ಎತ್ತ ವಾಲುತ್ತದೆ ಎಂಬುದು ಸಹಜ. ಮೊದಲು ಗೊಬ್ಬರಗುಂಡಿ ಅತಿಥಿಗಳಿಗೆ ನಾರುತ್ತದೆಂದು ಮುಚ್ಚುತ್ತದೆ. ಆಮೇಲೆ ಕೊಟ್ಟಿಗೆ ‘ಕಾಟೇಜ್’ ಆಗುತ್ತದೆ, ದನ ಹೋದ ಮೇಲೆ ಗೊಬ್ಬರ ಕೊಂಡು ತರಬೇಕು, ಅದು ದುಬಾರಿ, ಹಾಕುವುದು ಕಡಿಮೆಯಾಗುತ್ತದೆ. ಜೂನ್ ತಿಂಗಳಲ್ಲಿ ಮೈಲುತುತ್ತ ಸುಣ್ಣ ಕಲಸಿ ಗೊನೆಗೆ ಹೊಡೆಯುವ ದಿನಗಳಲ್ಲೇ ಮಳೆ ನೋಡುವವರು ಬರುತ್ತಾರೆ. ಔಷಧಿ ಹೊಡೆದ ತೋಟದಲ್ಲಿ ಅವರು ಓಡಾಡುವಂತಿಲ್ಲ, ಆದ್ದರಿಂದ ಒಂದು ಸಲ ಹೊಡೆಯುವುದು ತಪ್ಪುತ್ತದೆ. ಕೊಳೆ ಒಂದು ಸಲ ತಪ್ಪಿದ್ದನ್ನು ಕ್ಷಮಿಸುವುದಿಲ್ಲ. ಹೀಗೆ ಐದಾರು ವರ್ಷದಲ್ಲಿ ತೋಟ ಸೊರಗುತ್ತದೆ, ಹೊರಗಿನಿಂದ ನೋಡಿದವರಿಗೆ ಇನ್ನೂ ಹಸಿರಾಗಿಯೇ ಇರುತ್ತದೆ. ಫೋಟೋಕ್ಕೆ ಅಷ್ಟು ಸಾಕು.

ಆ ಹಣದ ಮೇಲೆ ನೆಚ್ಚಿಕೊಳ್ಳುವಂತೆಯೂ ಇಲ್ಲ. 2018ರಲ್ಲಿ ಗುಡ್ಡ ಕುಸಿದಾಗ ಕೊಡಗಿಗೆ ಪ್ರವಾಸಿಗರು ಬರುವುದನ್ನು ಜಿಲ್ಲಾಡಳಿತ ನಿಲ್ಲಿಸಬೇಕಾಯಿತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಕೋಣೆಗಳು ತಿಂಗಳುಗಟ್ಟಲೆ ಖಾಲಿ ಬಿದ್ದವು, ಸಾಲದ ಕಂತು ಮಾತ್ರ ಬರುತ್ತಲೇ ಇತ್ತು. ಆ ವರ್ಷವೂ ಅಡಿಕೆ ಮರ ಹಿಂಗಾರ ಬಿಟ್ಟಿತು, ಕಾಫಿ ಗಿಡ ಹೂಮಳೆ ಬಿದ್ದು ಬೆಳ್ಳಗೆ ಅರಳಿತು. ಗಿಡವನ್ನು ನೋಡಿಕೊಂಡವನ ಕೈ ಬರಿದಾಗಲಿಲ್ಲ.

ಇಟಲಿಯವರು ಈ ಅಪಾಯವನ್ನು ಬಹಳ ಮೊದಲೇ ಗುರುತಿಸಿದರು. ಅಲ್ಲಿ ತೋಟದ ಮನೆಯಲ್ಲಿ ಉಳಿಯುವ ‘ಅಗ್ರಿಟುರಿಸ್ಮೊ’ಗೆ 1985ರಲ್ಲೇ ಕಾಯ್ದೆ ಬಂತು, 2006ರಲ್ಲಿ ಹೊಸ ಕಾಯ್ದೆ. ಅದರ ತಿರುಳು ನೇರವಾಗಿದೆ: ಅತಿಥಿ ಸತ್ಕಾರ ಮಾಡುವವನು ರೈತನಾಗಿರಬೇಕು, ಆ ಸತ್ಕಾರ ಅವನ ಬೇಸಾಯಕ್ಕೆ ಹೊಂದಿಕೊಂಡಿರಬೇಕು, ಬೇಸಾಯವೇ ಮುಖ್ಯವಾಗಿ ಉಳಿಯಬೇಕು. ಮುಖ್ಯ ಯಾವುದು ಎಂಬುದನ್ನು ಮುಖ್ಯವಾಗಿ ದುಡಿಮೆಯ ಹೊತ್ತಿನ ಮೇಲೆ ಅಳೆಯುತ್ತಾರೆ. ಹೊಲದಲ್ಲಿ ಕಳೆದ ಗಂಟೆಗಳು ಅತಿಥಿಗಾಗಿ ಕಳೆದ ಗಂಟೆಗಳಿಗಿಂತ ಹೆಚ್ಚಿರಬೇಕು. ಹತ್ತು ಅತಿಥಿಗಳವರೆಗೆ ಈ ಲೆಕ್ಕವನ್ನೇ ಕೇಳುವುದಿಲ್ಲ, ಸಣ್ಣವನಿಗೆ ಆ ವಿನಾಯಿತಿ. ತಟ್ಟೆಗೆ ಬೀಳುವುದರಲ್ಲಿ ಸ್ವಂತ ಹೊಲದ್ದೂ ಸುತ್ತಲಿನ ಸೀಮೆಯದ್ದೂ ಇರಬೇಕು ಎಂಬುದೂ ಅಲ್ಲಿನ ನಿಯಮ. ಇಟಲಿಯಲ್ಲಿ ಎಲ್ಲವೂ ಸರಿಯಿದೆ ಎಂದು ಹೇಳುತ್ತಿಲ್ಲ, ಆದರೆ ಅವರ ಕಾಯ್ದೆ ಸರಿಯಾದ ಪ್ರಶ್ನೆಯನ್ನು ಕೇಳಿದೆ. ನಮ್ಮಲ್ಲಿ? ಕೇಂದ್ರದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆ ಕೋಣೆ ಒಂದರಿಂದ ಆರು ಎನ್ನುತ್ತದೆ, ಹಾಸಿಗೆ ಹನ್ನೆರಡು ಎನ್ನುತ್ತದೆ, ಮನೆಯವರು ಅಲ್ಲೇ ವಾಸವಿರಬೇಕು ಎನ್ನುತ್ತದೆ, ಸೌಕರ್ಯ ನೋಡಿ ಚಿನ್ನ, ಬೆಳ್ಳಿ ಎಂದು ದರ್ಜೆ ಕೊಡುತ್ತದೆ. ಸ್ನಾನದ ಮನೆಯಲ್ಲಿ ಬಿಸಿನೀರು ಬರುತ್ತದೆಯೇ ಎಂದು ವಿಚಾರಿಸುವ ಅಧಿಕಾರಿ, ಆ ನೀರು ಎಲ್ಲಿಂದ ಬರುತ್ತದೆ, ಯಾರ ಪಾಲಿನದು ಎಂದು ವಿಚಾರಿಸುವುದಿಲ್ಲ. ತೋಟದಲ್ಲಿ ಈ ವರ್ಷ ಎಷ್ಟು ಬೆಳೆ ಬಂತು ಎಂದು ಕೇಳುವ ಕಾಲಂ ಯಾವ ಅರ್ಜಿಯಲ್ಲೂ ನಾನು ಕಂಡಿಲ್ಲ.

ಕೇಳದೆ ಇದ್ದುದರ ಫಲ ಈಗ ಕಣ್ಣೆದುರಿಗಿದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿದ ಮೇಲೆ ರೈತನಲ್ಲದವನೂ ಕೃಷಿಭೂಮಿ ಕೊಳ್ಳಬಹುದು. ಗುಡ್ಡದಂಚಿನ ಜಮೀನನ್ನು ಕೊಳ್ಳಲು ಬರುವವನು ಅಲ್ಲಿ ಎಷ್ಟು ಕ್ವಿಂಟಾಲ್ ಅಡಿಕೆ ಬಂದೀತು ಎಂದು ಕೇಳುವುದಿಲ್ಲ, ಮಂಜು ಎಷ್ಟು ಹೊತ್ತಿಗೆ ಏಳುತ್ತದೆ ಎಂದು ಕೇಳುತ್ತಾನೆ. ಮಂಜಿನ ಲೆಕ್ಕದಲ್ಲಿ ನೆಲದ ಬೆಲೆ ಏರಿದ ಮೇಲೆ, ಪಕ್ಕದಲ್ಲಿ ಒಂದೆಕರೆ ಕೊಂಡು ತೋಟ ಹಿಗ್ಗಿಸೋಣ ಎಂದುಕೊಂಡಿದ್ದ ಹುಡುಗನಿಗೆ ಅದು ಎಟುಕುವುದಿಲ್ಲ. ಅವನು ಮಾರಿ ಹೋಗುತ್ತಾನೆ, ಅಥವಾ ಕೊಂಡವನ ಫಾರ್ಮ್‌ಸ್ಟೇಯಲ್ಲಿ ಮ್ಯಾನೇಜರ್ ಆಗುತ್ತಾನೆ. ಅದನ್ನೂ ಗ್ರಾಮೀಣ ಉದ್ಯೋಗ ಸೃಷ್ಟಿ ಎಂದು ಬರೆಯುವವರಿದ್ದಾರೆ. ಬೇಸಾಯಗಾರನೊಬ್ಬನನ್ನು ಕಳೆದುಕೊಂಡ ಊರಿಗೆ ಅದು ಸೃಷ್ಟಿಯಂತೆ ಕಾಣುವುದಿಲ್ಲ.

ಹಾಗಾದರೆ ಯಾರೂ ಬರಬಾರದೇ, ಮಲೆನಾಡಿನವರು ಬಾಗಿಲು ಹಾಕಿಕೊಂಡು ಕೂರಬೇಕೇ ಎಂದು ಕೇಳುವವರಿಗೆ ನನ್ನ ಸೋದರತ್ತೆಯ ಮನೆಯ ವಿಷಯ ಹೇಳುತ್ತೇನೆ. ತೀರ್ಥಹಳ್ಳಿ ಕಡೆಯ ಆ ಮನೆಯಲ್ಲಿ ಎರಡೇ ಕೋಣೆ ಅತಿಥಿಗಳಿಗೆ ಬಿಟ್ಟಿದ್ದಾರೆ, ಹೊಸದಾಗಿ ಕಟ್ಟಿದ್ದಲ್ಲ, ಮಕ್ಕಳು ಹೋದ ಮೇಲೆ ಖಾಲಿ ಉಳಿದವು. ಒಂದು ಕೋಣೆಗೆ ಒಂದು ಹಂಡೆ ಬಿಸಿನೀರು. ಅಂದು ಮನೆಯವರ ಅಡುಗೆ ಏನೋ ಅತಿಥಿಗೂ ಅದೇ. ಹುರುಳಿಸಾರು ಮಾಡಿದ ದಿನ ಹುರುಳಿಸಾರು. ಬಸ್ಸಿನಲ್ಲಿ ಬಂದವರಿಗೆ ಬಾಡಿಗೆ ಕಡಿಮೆ. ಅತ್ತೆ ಊರಿಗೆ ಹೊರಟರೆ ಮನೆಗೆ ಬೀಗ. ಅಬ್ಬಿ ಸಣ್ಣದಾದ ಕೂಡಲೇ, ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರ, ಫೋನ್ ಮಾಡಿದವರಿಗೆಲ್ಲ “ಮಳೆ ಬರಲಿ, ಆಮೇಲೆ ಬನ್ನಿ” ಎನ್ನುತ್ತಾರೆ. ಹಜಾರದ ಗೋಡೆಯಲ್ಲಿ ಕ್ಯಾಲೆಂಡರ್ ತೂಗುಹಾಕಿದ್ದಾರೆ. ಹೋದ ಸಲ ಹೋದಾಗ ನೋಡಿದೆ: ನವೆಂಬರ್ ಹದಿನೈದರಿಂದ ಜನವರಿ ಕೊನೆಯವರೆಗೆ ಪುಟಗಳ ಮೇಲೆ ಅಡ್ಡಗೆರೆ ಎಳೆದು ಅತ್ತೆ ತಮ್ಮ ದೊಡ್ಡ ಅಕ್ಷರದಲ್ಲಿ ಬರೆದಿದ್ದರು, “ಕೊಯ್ಲು. ಯಾರೂ ಇಲ್ಲ.” ಹೊಸ ವರ್ಷದ ವಾರಕ್ಕೆ ಮೂರು ಪಟ್ಟು ಬಾಡಿಗೆ ಕೊಡುತ್ತೇವೆ ಎಂದು ಯಾರೋ ಬೆಂಗಳೂರಿನಿಂದ ಕೇಳಿದ್ದರಂತೆ. ಅತ್ತೆ ಅದನ್ನು ನನಗೆ ಹೇಳಿದ್ದು ಅಂಗಳದಲ್ಲಿ, ಸುಲಿಯುವ ಯಂತ್ರದ ಗದ್ದಲದ ನಡುವೆ, ಕೂಗಿ ಕೂಗಿ.